ಆಕಾಶದಲ್ಲಿ ನಾವಿಕ, ಅಂಗೈಯಲ್ಲಿ ಯಾರು?

ರಾಜಧಾನಿಯ ದಕ್ಷಿಣ ಭಾಗದಲ್ಲಿ ಹೊಟ್ಟೆಪಾಡಿಗಾಗಿ ನೆಲಸಿರುವ ನಮ್ಮವರಿಗೆ ಹೌಜ್ ಖಾಸ್ ಅಪರಿಚಿತ ಸ್ಥಳವಲ್ಲ. ಅಲ್ಲಿಯ ಮೆಟ್ರೋ ನಿಲ್ದಾಣವು ನೆಲದಡಿಯಲ್ಲಿದೆ. ಅದರೊಳಗಿರುವವರೆಗೆ ಫೋನಿನ ನಕ್ಷೆ ತಡವರಿಸುತ್ತದೆ. ಮೆಟ್ಟಿಲೇರಿ ಬಯಲಿಗೆ ಬಂದ ಮೇಲೆ ನಿಂತ ಸ್ಥಳವನ್ನು ಸರಿಯಾಗಿ ತೋರಿಸತೊಡಗುತ್ತದೆ. ಉಪಗ್ರಹಗಳಿಂದ ಬರುವ ಕ್ಷೀಣವಾದ ಸಂಕೇತವು ಮಣ್ಣನ್ನು ಭೇದಿಸಿ ಒಳಹೊಗಲಾರದೆಂಬುದೇ ಇದರ ಕಾರಣ. ಹೋಟೆಲಿನಿಂದ ಊಟದ ಪೊಟ್ಟಣವನ್ನು ಮನೆಬಾಗಿಲಿಗೆ ಮುಟ್ಟಿಸುವ ಹುಡುಗನಿಗೂ, ಕಚೇರಿಯ ವೇಳೆಗೆ ಬಸ್ಸು ಎಲ್ಲಿದೆಯೆಂದು ನೋಡುವ ಗುಮಾಸ್ತನಿಗೂ ಈ ಸಂಕೇತವು ಇಂದು ಅನ್ನದ ಪ್ರಶ್ನೆಯಾಗಿದೆ. ಅದನ್ನು ಕಳುಹಿಸುವವರು ಯಾರು, ಅದು ನಮ್ಮ ಕೈಗೆ ಮುಟ್ಟುವುದು ಯಾರ ಕೃಪೆಯಿಂದ ಎಂಬುದನ್ನು ವಿಚಾರಿಸುವುದು ಅಪ್ರಸ್ತುತವಾಗಲಾರದು.

ಬಹುಕಾಲ ನಾವು ಅಮೆರಿಕದ ಜಿ.ಪಿ.ಎಸ್. ವ್ಯವಸ್ಥೆಯನ್ನು ನೆಚ್ಚಿಕೊಂಡಿದ್ದೆವು. ಅದು ಅಲ್ಲಿಯ ಸೇನೆಯ ಸ್ವತ್ತು. 2000ನೆಯ ಇಸವಿಯ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ದೊರೆಯುವ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸಲಾಗುತ್ತಿತ್ತು. ಸುಮಾರು ನೂರು ಮೀಟರುಗಳವರೆಗೆ ತಪ್ಪು ಬರುತ್ತಿತ್ತು. ಕೊಡುವ ಕೈಯೇ ಕೆಡಿಸಲೂ ಬಲ್ಲುದೆಂಬ ಪಾಠವನ್ನು ಅನೇಕ ರಾಷ್ಟ್ರಗಳು ಕಲಿತವು. ಭಾರತವೂ ಕಲಿತಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಸಂಸ್ಥೆಯು ನಮ್ಮದೇ ಆದ ವ್ಯವಸ್ಥೆಯ ಮೊದಲ ಉಪಗ್ರಹವನ್ನು 2013ರ ಜುಲೈ 1ರಂದೂ, ಏಳನೆಯದನ್ನು 2016ರ ಏಪ್ರಿಲ್ 28ರಂದೂ ಹಾರಿಸಿತು. ಅದಕ್ಕೆ ‘ನಾವಿಕ್’ ಎಂದು ಹೆಸರಾಯಿತು. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ ಅದರ ನೌಕಾಯಾನ ಕೇಂದ್ರವಿದೆ.

ಇಲ್ಲಿಯವರೆಗೆ ಹೆಮ್ಮೆಪಡತಕ್ಕ ಸಂಗತಿಯೇ. ಆದರೆ 2016ರಲ್ಲಿ ಏಳೂ ಉಪಗ್ರಹಗಳು ಮೇಲೇರಿದರೂ ಪೇಟೆಯಲ್ಲಿ ಸಿಗುವ ಸಾಮಾನ್ಯ ಫೋನುಗಳು ನಾವಿಕ್‌ನ ಮಾತನ್ನು ಕೇಳತೊಡಗಿದ್ದು 2020ರ ಸುಮಾರಿಗೆ. ನಡುವಣ ಈ ವರ್ಷಗಳು ಎಲ್ಲಿ ಕಳೆದುಹೋದವು? ಉತ್ತರವು ಆಕಾಶದಲ್ಲಿಲ್ಲ, ಕಣ್ಣಿಗೆ ಕಾಣದ ಕೆಲವು ಸಾಲು ಬರವಣಿಗೆಯಲ್ಲಿದೆ.

ಸಂಕೇತವನ್ನು ಹಿಡಿಯುವುದು ಗ್ರಾಹಕವೆಂಬ ಚಿಕ್ಕ ಚಿಪ್ಪು. ಫೋನನ್ನೋ ಕಂಪ್ಯೂಟರನ್ನೋ ನಡೆಸುವುದು ಕಾರ್ಯಾಚರಣ ವ್ಯವಸ್ಥೆ. ಇವೆರಡರ ನಡುವೆ ಸುದ್ದಿಯನ್ನು ಒಯ್ಯುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಹೋಟೆಲಿನ ಕೆಲಸ ಬಲ್ಲವರಿಗೆ ಇದನ್ನು ತಿಳಿಸುವುದು ಸುಲಭ. ಗಿರಾಕಿ ಹೇಳಿದುದನ್ನು ಅಡುಗೆಮನೆಗೆ ಮುಟ್ಟಿಸಲು ಮಾಣಿಯಿಲ್ಲದಿದ್ದರೆ, ಒಲೆಯ ಮುಂದೆ ಎಷ್ಟೇ ನುರಿತ ಭಟ್ಟರಿದ್ದರೂ ಎಲೆಗೆ ಅನ್ನ ಬೀಳದು.

ಅನೇಕ ಯಂತ್ರಗಳೊಳಗೆ ಅಡಗಿ ಕೆಲಸಮಾಡುವ, ಆಂಡ್ರಾಯ್ಡ್ ಫೋನುಗಳಿಗೂ ತಳಹದಿಯಾಗಿರುವ ಲಿನಕ್ಸ್ ವ್ಯವಸ್ಥೆಯಲ್ಲಿ ಇಂಥ ಗ್ರಾಹಕಗಳಿಗೆಂದೇ ಬಹುಕಾಲ ಪ್ರತ್ಯೇಕ ಏರ್ಪಾಡು ಇರಲಿಲ್ಲ. ಅವನ್ನು ಸಾಧಾರಣ ತಂತಿಯ ಜೋಡಣೆಯೆಂದು ಭಾವಿಸಿ, ಎಚ್ಚರಿಸುವ ಮಲಗಿಸುವ ಕೆಲಸಗಳನ್ನು ಒಬ್ಬೊಬ್ಬ ತಯಾರಕನೂ ತನಗೆ ತೋಚಿದಂತೆ ಮಾಡಿಕೊಳ್ಳುತ್ತಿದ್ದನು. 2018ರ ಅಕ್ಟೋಬರಿನಲ್ಲಿ ಹೊರಬಂದ 4.19ನೆಯ ಆವೃತ್ತಿಯಲ್ಲಿ, ಯೋಹಾನ್ ಹೊವೊಲ್ಡ್ ಎಂಬ ತಂತ್ರಜ್ಞರು ರಚಿಸಿದ ಪ್ರತ್ಯೇಕ ವಿಭಾಗವು ಸೇರಿತು. ಮೊದಲು ಯು-ಬ್ಲಾಕ್ಸ್, ಸರ್ಫ್ ಗ್ರಾಹಕಗಳಿಗೂ, ಬಳಿಕ ಮೀಡಿಯಾಟೆಕ್ ಗ್ರಾಹಕಗಳಿಗೂ ಡ್ರೈವರ್ ದೊರೆಯಿತು. ಇದರ ಬರವಣಿಗೆ ಬಹಿರಂಗವಾದುದು; ಯಾರೂ ಓದಬಹುದು, ತಿದ್ದುಪಡಿಯನ್ನು ಸೂಚಿಸಬಹುದು.

ಡ್ರೈವರ್ ಸುದ್ದಿಯನ್ನು ಒಯ್ಯುವುದೇ ಹೊರತು ಅದರ ಅರ್ಥವನ್ನು ಬಿಡಿಸುವುದು ಮೇಲಿನ ಕಾರ್ಯಕ್ರಮಗಳ ಹೊಣೆ. ಗ್ರಾಹಕವು ಕಳುಹಿಸುವ ಪ್ರತಿಯೊಂದು ವಾಕ್ಯದ ಮೊದಲಲ್ಲಿ ಎರಡಕ್ಷರದ ಗುರುತಿರುತ್ತದೆ: ಅಮೆರಿಕದ ವ್ಯವಸ್ಥೆಗೆ ‘ಜಿಪಿ’, ನಮ್ಮ ನಾವಿಕ್‌ಗೆ ‘ಜಿಐ’. ಈ ‘ಜಿಐ’ ಎಂಬುದನ್ನು ಅರಿಯದ ಕಾರ್ಯಕ್ರಮವು ನಮ್ಮ ಉಪಗ್ರಹದ ಸುದ್ದಿಯನ್ನು ಕಸದ ಬುಟ್ಟಿಗೆ ಹಾಕುತ್ತದೆ. ಕೋಟಿಗಟ್ಟಲೆ ರೂಪಾಯಿಗಳ ಸಾಹಸವು ಎರಡಕ್ಷರದ ಅಜ್ಞಾನದಿಂದ ವ್ಯರ್ಥವಾಗಬಲ್ಲುದು!

ಫೋನಿನ ಮಾತು ಇನ್ನೂ ತೊಡಕಿನದು. 2019ರಲ್ಲಿ ಬಂದ ಆಂಡ್ರಾಯ್ಡ್ 10ರಲ್ಲಿ ಭಾರತದ ವ್ಯವಸ್ಥೆಗೆ ಪ್ರತ್ಯೇಕ ಹೆಸರು ದೊರೆಯಿತು. 2020ರ ಜನವರಿಯಲ್ಲಿ ಅಮೆರಿಕದ ಕ್ವಾಲ್‌ಕಾಮ್ ಕಂಪನಿಯು ನಾವಿಕ್ ಬಲ್ಲ ಮೂರು ಚಿಪ್ಪುಗಳನ್ನು ಪ್ರಕಟಿಸಿತು. ಆದರೆ ಫೋನಿನ ಗ್ರಾಹಕವನ್ನು ನಡೆಸುವ ತಂತ್ರಾಂಶದ ಬಹುಭಾಗವನ್ನು ಚಿಪ್ಪಿನ ಕಂಪನಿಗಳು ಮುಚ್ಚಿದ ಪೆಟ್ಟಿಗೆಯಲ್ಲಿಟ್ಟು ಕೊಡುತ್ತವೆ. ಅದರಲ್ಲಿ ನಮ್ಮ ಉಪಗ್ರಹಕ್ಕೆ ಎಷ್ಟು ಮನ್ನಣೆಯಿದೆಯೆಂಬುದನ್ನು ನಾವು ತೆರೆದು ನೋಡಲಾರೆವು. ಪರಾವಲಂಬನೆಯು ಆಕಾಶದಿಂದಿಳಿದು ಅಂಗೈಗೆ ಬಂದು ಕುಳಿತಂತಾಯಿತು.

ಆಕಾಶದಲ್ಲಿಯೂ ಎಲ್ಲವೂ ಸರಿಯಿದೆಯೆಂದಲ್ಲ. ಮೊದಲ ಉಪಗ್ರಹದ ಮೂರೂ ಪರಮಾಣು ಗಡಿಯಾರಗಳು ಕೆಟ್ಟುವು. ಅದಕ್ಕೆ ಬದಲಾಗಿ 2017ರ ಆಗಸ್ಟಿನಲ್ಲಿ ಹಾರಿದುದು ರಕ್ಷಾಕವಚವು ಕಳಚದೆ ವಿಫಲವಾಯಿತು. 2023ರ ಮೇ 29ರಂದು ಹಾರಿದ ಎನ್.ವಿ.ಎಸ್.-01 ಸ್ವದೇಶಿ ಗಡಿಯಾರವನ್ನು ಹೊತ್ತೊಯ್ದಿತಲ್ಲದೆ, ಅಗ್ಗದ ಗ್ರಾಹಕಗಳೂ ಹಿಡಿಯಬಲ್ಲ ಎಲ್-1 ತರಂಗದಲ್ಲಿ ಸಂಕೇತವನ್ನು ಕಳುಹಿಸುವ ಸಾಮರ್ಥ್ಯವನ್ನೂ ಪಡೆದಿತ್ತು. 2025ರ ಜನವರಿಯಲ್ಲಿ ಹಾರಿದ ಅದರ ತಮ್ಮನು ಉದ್ದೇಶಿತ ಕಕ್ಷೆಯನ್ನು ಸೇರಲಾರದೆ ಹೋದನು. ಉಪಗ್ರಹಗಳು ಕಡಿಮೆಯಾದಷ್ಟೂ ತಯಾರಕರ ಆಸಕ್ತಿಯು ಕುಗ್ಗುತ್ತದೆ. ಆಸಕ್ತಿಯು ಕುಗ್ಗಿದಷ್ಟೂ ಹೊಸ ಉಪಗ್ರಹಕ್ಕೆ ಹಣ ಕೇಳುವ ಬಾಯಿ ಸೋಲುತ್ತದೆ.

ಅಮೆರಿಕ, ರಷ್ಯ, ಯೂರೋಪು, ಚೀನಗಳ ಸಂಕೇತಗಳು ಫೋನಿಗೆ ಸಿಗುತ್ತಿರುವಾಗ ನಮಗೇಕೆ ಈ ಗೊಡವೆ ಎಂದು ಕೆಲವರು ಕೇಳಬಹುದು. ಇಂದು ದಾರಿ ತಪ್ಪುವುದಿಲ್ಲವೆಂಬುದು ನಿಜ. ಆದರೆ ಎರವಲು ದೀಪದಲ್ಲಿ ಮನೆ ಬೆಳಗುವವನು ಎಣ್ಣೆಯ ಲೆಕ್ಕವನ್ನು ಕೇಳುವಂತಿಲ್ಲ. ಅಲ್ಲದೆ ಹೌಜ್ ಖಾಸ್ ಗ್ರಾಮದಂಥ ಇಕ್ಕಟ್ಟಾದ ಗಲ್ಲಿಗಳಲ್ಲಿ ಕಾಣುವ ಆಕಾಶವೇ ಕಿರಿದು. ಅಲ್ಲಿ ಒಂದು ಉಪಗ್ರಹವು ಹೆಚ್ಚಿಗೆ ಕಂಡರೂ ವಿಳಾಸ ಹುಡುಕುವವನ ಹತ್ತು ನಿಮಿಷ ಉಳಿಯಬಹುದು. ತಡವಾದ ಊಟಕ್ಕೆ ಗಿರಾಕಿಯ ಮುನಿಸನ್ನು ಎದುರಿಸಬೇಕಾದವನು ಅವನೇ ತಾನೆ!

ಆದುದರಿಂದ ಸರಕಾರವು ಮಾಡತಕ್ಕ ಕೆಲಸವು ಸ್ಪಷ್ಟವಾಗಿದೆ. ಬಸ್ಸು ಮುಂತಾದ ಸಾರ್ವಜನಿಕ ವಾಹನಗಳಲ್ಲಿ ನಾವಿಕ್ ಅರಿಯುವ ಸಾಧನಗಳಿರಬೇಕೆಂದು 2019ರಲ್ಲಿ ವಿಧಿಸಿದುದು ಒಳ್ಳೆಯದೇ. ಆ ಸಾಧನಗಳ ಡ್ರೈವರುಗಳು ಬಹಿರಂಗವಾಗಿರಬೇಕೆಂಬುದನ್ನೂ ಸರಕಾರಿ ಖರೀದಿಯ ಷರತ್ತಾಗಿ ಸೇರಿಸಬೇಕು. ಹೌಜ್ ಖಾಸಿನ ಐ.ಐ.ಟಿ.ಯಿಂದ ಹಿಡಿದು ನಮ್ಮ ನಾಡಿನ ಇಂಜಿನಿಯರಿಂಗ್ ಕಾಲೇಜುಗಳವರೆಗೆ, ಇದನ್ನು ಬರೆಯಬಲ್ಲ ತರುಣರಿಗೆ ಕೊರತೆಯಿಲ್ಲ. ಬರೆಯಿರೆಂದು ಹೇಳಿ ಕೂಲಿ ಕೊಡುವವರ ಕೊರತೆಯಿದೆ. ರಾಕೆಟ್ಟು ಹಾರಿದ ದಿನ ಚಪ್ಪಾಳೆ ತಟ್ಟುವ ನಾವು, ಅದರ ಸಂಕೇತವು ನಮ್ಮ ಕೈಯ ಫೋನಿಗೆ ಮುಟ್ಟಿತೇ ಎಂದು ಮರುದಿನ ಕೇಳುವುದನ್ನೂ ಕಲಿಯಬೇಕು.