ಕಾಗೆ ಕೆರೆಗೇಕೆ ಹೋಗಲಿಲ್ಲ?

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕಾದಂಬರಿ ಬರೆಯಹೊರಟವರ ಸಂಖ್ಯೆ ಈಚೆಗೆ ಹೆಚ್ಚುತ್ತಿದೆ. ವೃತ್ತಿಯಲ್ಲಿ ನೆಲೆನಿಂತು, ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತಿದ ಮೇಲೆ, ಎಂದೋ ಕನ್ನಡ ತರಗತಿಯಲ್ಲಿ ಮೊಳೆತಿದ್ದ ಆಸೆ ಮತ್ತೆ ತಲೆಯೆತ್ತುವುದು ಸಹಜ. ಮೇಷ್ಟ್ರಿಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೊಂದಿಲ್ಲ. ಆದರೆ ಅವರು ನನ್ನ ಅವಗಾಹನೆಗೆಂದು ಕಳಿಸುವುದು ಕಾದಂಬರಿಯನ್ನಲ್ಲ, ಕಾದಂಬರಿಯ ಯೋಜನೆಯನ್ನು. ಊರಿನ ನಕ್ಷೆ, ಮೂರು ತಲೆಮಾರಿನ ವಂಶವೃಕ್ಷ, ಪ್ರತಿಯೊಂದು ಪಾತ್ರದ ಎತ್ತರ, ಮೈಬಣ್ಣ, ಇಷ್ಟದ ತಿಂಡಿ, ಅಧ್ಯಾಯವಾರು ಘಟನೆಗಳ ಪಟ್ಟಿ, ಎಲ್ಲವೂ ಅಚ್ಚುಕಟ್ಟು. ಮೊದಲ ವಾಕ್ಯ ಮಾತ್ರ ಇನ್ನೂ ಹುಟ್ಟಿರುವುದಿಲ್ಲ.

ಯೋಜನೆಯೇ ಬೇಡವೆನ್ನುವವನು ನಾನಲ್ಲ. ಪಾಠಟಿಪ್ಪಣಿಯಿಲ್ಲದೆ ತರಗತಿಯನ್ನು ಪ್ರವೇಶಿಸಬಾರದೆಂದು ಬಿ.ಎಡ್. ದಿನಗಳಲ್ಲಿ ಕಲಿತು, ನಿವೃತ್ತಿಯವರೆಗೂ ಪಾಲಿಸಿದವನು. ನನ್ನ ತಕರಾರು ಬೇರೆ. ಕಥೆಯ ಲೋಕವನ್ನು ಕಟ್ಟುವುದೆಂದರೆ ಅಲ್ಲಿ ಏನೇನಿದೆ ಎಂದು ಪಟ್ಟಿ ಮಾಡುವುದೆಂದು ಇವರು ತಿಳಿದಂತಿದೆ. ಅಲ್ಲಿ ಏನು ಸಾಧ್ಯವಿಲ್ಲ ಎಂಬುದನ್ನು ಮೊದಲು ನಿಶ್ಚಯಿಸಬೇಕೆಂದು ನನ್ನ ಅಭಿಪ್ರಾಯ. ಕಥೆಯ ಬಳ್ಳಿ ಹಬ್ಬುವುದು ಆ ಅಸಾಧ್ಯವನ್ನು ಸುತ್ತಿಕೊಂಡೇ.

ಪ್ರಶ್ನೆಪತ್ರಿಕೆಯಲ್ಲಿ ಅಂಶಗಳನ್ನು ಕೊಟ್ಟು ಕಥೆ ರಚಿಸಿರಿ ಎಂದು ಕೇಳುತ್ತಿದ್ದುದು ನಿಮಗೆ ನೆನಪಿರಬಹುದು. ‘ಕಾಗೆ – ಬಾಯಾರಿಕೆ – ಹೂಜಿ – ತಳದಲ್ಲಿ ನೀರು – ಕಲ್ಲು’. ಎಂಟನೆಯ ತರಗತಿಯ ಹುಡುಗನೊಬ್ಬ ಒಮ್ಮೆ ಎದ್ದು ನಿಂತು, “ಕಾಗೆ ಕೆರೆಗೇಕೆ ಹೋಗಲಿಲ್ಲ ಸಾರ್?” ಎಂದು ಕೇಳಿದ. ನಮ್ಮ ಶಾಲೆಯ ಹಿಂದೆಯೇ ಕೆರೆಯಿತ್ತು, ತರಗತಿಯೆಲ್ಲ ಗೊಳ್ಳೆಂದಿತು. ಅದನ್ನೇ ಬರೆಯಪ್ಪಾ ಎಂದೆ. ಆತ ಒಂದು ಪುಟದ ತುಂಬ ಆ ವರ್ಷದ ಬೇಸಿಗೆಯನ್ನು ಬರೆದ. ಕೆರೆಯಂಗಳ ಬಿರುಕುಬಿಟ್ಟದ್ದು, ಹೆಂಗಸರು ಅಲ್ಲಿಯೇ ಗುಂಡಿ ತೋಡಿ ಬಟ್ಟಲಿನಿಂದ ನೀರು ಮೊಗೆದದ್ದು, ಹೂಜಿಯ ತಳದ ನೀರನ್ನು ಯಾರೂ ಚೆಲ್ಲದೆ ಉಳಿಸಿದ್ದು. ಕಾಗೆ ಬಂದದ್ದು ಕೊನೆಯ ಮೂರು ಸಾಲುಗಳಲ್ಲಿ. ಕೆರೆ ಬತ್ತಿದೆ ಎಂಬ ಒಂದು ಇಲ್ಲದಿಂದ ಆ ಹುಡುಗ ಒಂದು ಊರನ್ನೇ ಕಟ್ಟಿದ್ದ. ಕೊಟ್ಟ ಅಂಶಗಳನ್ನು ಪೋಣಿಸಿದ ಉಳಿದವರ ಕಥೆಗಳೆಲ್ಲ ಒಂದೇ ಅಚ್ಚಿನವಾಗಿದ್ದವು.

ದೊಡ್ಡವರ ಬರವಣಿಗೆಯಲ್ಲಿಯೂ ಇದನ್ನೇ ಕಾಣುತ್ತೇನೆ. ಶಿವರಾಮ ಕಾರಂತರ ‘ಚೋಮನ ದುಡಿ’ (೧೯೩೩) ಚಿಕ್ಕ ಪುಸ್ತಕ. ಚೋಮನ ಬಳಿ ಒಂದು ಜೊತೆ ಎತ್ತುಗಳಿವೆ, ತೋಳಿನಲ್ಲಿ ಕಸುವಿದೆ, ಬೇಸಾಯ ಮಾಡಬೇಕೆಂಬ ಹಂಬಲವಿದೆ. ಅಸ್ಪೃಶ್ಯನಾಗಿ ಹುಟ್ಟಿದವನಿಗೆ ಗೇಣಿಗೂ ಭೂಮಿ ಸಿಗಲಾರದು ಎಂಬ ಒಂದು ಕಟ್ಟಳೆ ಮಾತ್ರ ಎದುರಿಗಿದೆ. ಸಾಲ, ಕಾಫಿ ತೋಟದ ದುಡಿಮೆ, ಮಕ್ಕಳನ್ನು ಕಳೆದುಕೊಳ್ಳುವುದು, ಕೊನೆಗೆ ಉಳಿಯುವ ದುಡಿ, ಇವೆಲ್ಲವೂ ಆ ಕಟ್ಟಳೆಗೆ ಆ ಹಂಬಲ ತಾಗಿದ್ದರಿಂದ ಆದವು. ಅದೊಂದನ್ನು ತೆಗೆದುಹಾಕಿ ನೋಡಿ, ಕಾದಂಬರಿ ಎರಡನೆಯ ಪುಟದಲ್ಲಿಯೇ ಸುಖಾಂತವಾಗುತ್ತದೆ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಗಾತ್ರದಲ್ಲಿ ಇದಕ್ಕೆ ತದ್ವಿರುದ್ಧ. ಊರುಗಳು, ಮನೆತನಗಳು, ಜಾತಿಗಳು ದಟ್ಟ ಕಾಡಿನಂತೆ ಹೆಣೆದುಕೊಂಡಿವೆ. ಅಷ್ಟು ದೊಡ್ಡ ಕಾದಂಬರಿ ಎಲ್ಲಿಯೂ ನಕ್ಷೆ ಹಿಡಿದು ವಿವರಿಸುವುದಿಲ್ಲ. ೧೯ನೆಯ ಶತಮಾನದ ಕೊನೆಯ ಮಲೆನಾಡಿನಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವುದೆಂದರೇನೆಂದು ಗುತ್ತಿಯ ಜೊತೆ ನಡೆದೇ ನಾವು ತಿಳಿಯುತ್ತೇವೆ. ಕತ್ತಲೆಯಾಗುವುದರೊಳಗೆ ತಲಪಬೇಕು, ಮಳೆಗೆ ಕಾಲುದಾರಿ ಹಳ್ಳವಾಗುತ್ತದೆ, ಯಾರ ಮನೆಯ ಜಗಲಿಯವರೆಗೆ ಬರಬಹುದು, ಎಲ್ಲಿ ಅಂಗಳದಾಚೆಯೇ ನಿಲ್ಲಬೇಕು. ಕೊನೆಯಲ್ಲಿ ತುಂಬಿ ಹರಿಯುವ ತುಂಗೆಯಲ್ಲಿ ಅವನ ನಾಯಿ ಹುಲಿಯ ಕೊಚ್ಚಿಹೋದಾಗ ಕಣ್ಣು ಮಂಜಾಗದವರನ್ನು ನಾನು ಕಂಡಿಲ್ಲ. ಲೇಖಕರು ನಮ್ಮನ್ನು ಅಳಿಸಲೆಂದು ತಂದಿಟ್ಟ ಪ್ರವಾಹ ಅದಲ್ಲ. ಆ ಲೋಕದ ಮಳೆಯನ್ನು ಅಷ್ಟು ಹೊತ್ತಿಗೆ ನಾವೇ ನೆನೆದು ಬಲ್ಲೆವು.

ನಕ್ಷೆಯ ಪರವಾಗಿಯೂ ಒಂದು ಮಾತು ಹೇಳಬೇಕು. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (೧೯೫೪-೫೫) ಬರೆದ ಟೋಲ್ಕಿನ್ ತಾವು ನಕ್ಷೆಯಿಂದಲೇ ಆರಂಭಿಸಿದ್ದಾಗಿ ಹೇಳಿಕೊಂಡಿದ್ದಾರೆ. ಪಾತ್ರಗಳು ದಿನಕ್ಕೆ ಎಷ್ಟು ದೂರ ನಡೆಯಬಲ್ಲವು, ಆ ರಾತ್ರಿ ಚಂದ್ರ ಯಾವ ಕಲೆಯಲ್ಲಿರುತ್ತಾನೆ ಎಂದೆಲ್ಲ ಲೆಕ್ಕವಿಟ್ಟವರು ಅವರು. ಅಂದರೆ ಆ ನಕ್ಷೆಯ ಕೆಲಸ ಪಾತ್ರಗಳನ್ನು ತಡೆಯುವುದು, ದಣಿಸುವುದು. ನನಗೆ ಬರುವ ನಕ್ಷೆಗಳಲ್ಲಿ ಬೆಟ್ಟಕ್ಕೆ ಚಂದದ ಹೆಸರಿರುತ್ತದೆ, ಅದನ್ನು ಹತ್ತಲು ಎಷ್ಟು ಹೊತ್ತು ಬೇಕೆಂಬುದಿರುವುದಿಲ್ಲ. ಇತ್ತ ಮೈಸೂರಿನ ಆರ್.ಕೆ. ನಾರಾಯಣರಿಗೆ ಮಾಲ್ಗುಡಿ ಒಂದು ಪುಟ್ಟ ರೈಲು ನಿಲ್ದಾಣವಾಗಿ ಕಣ್ಣಮುಂದೆ ಮೂಡಿತಂತೆ. ವಿಜಯದಶಮಿಯಂದು, ಹೊಸ ನೋಟುಪುಸ್ತಕದ ಮುಂದೆ ಕುಳಿತಾಗ. ‘ಸ್ವಾಮಿ ಅಂಡ್ ಫ್ರೆಂಡ್ಸ್’ (೧೯೩೫) ಹುಟ್ಟಿದ್ದು ಹಾಗೆ. ಬೀದಿಗಳು, ಸರಯೂ ನದಿ, ಮೇಂಪಿ ಬೆಟ್ಟ ಪುಸ್ತಕದಿಂದ ಪುಸ್ತಕಕ್ಕೆ, ಬೇಕಾದಂತೆ ಸೇರಿಕೊಂಡವು.

ಕಥೆಯ ಅಂತ್ಯವನ್ನು ಗುಟ್ಟಾಗಿಡುವ ಬಗ್ಗೆಯೂ ಇವರಿಗೆ ಅತಿಯಾದ ಚಿಂತೆ. ೧೮೩೪ರಲ್ಲಿ ಕೊಡಗು ಇಂಗ್ಲಿಷರ ಪಾಲಾಯಿತೆಂದು ತಿಳಿದೇ ನಾವು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (೧೯೫೬) ಓದುತ್ತೇವೆ. ಭೈರಪ್ಪನವರ ‘ಪರ್ವ’ದ (೧೯೭೯) ಕಥೆ ಯಾರಿಗೆ ಗೊತ್ತಿಲ್ಲ? ವರ, ಶಾಪ, ಪವಾಡಗಳು ಇಲ್ಲಿ ಇಲ್ಲ ಎಂದು ಅವರು ನಿಶ್ಚಯಿಸಿದರು. ಆ ಒಂದು ನಿಶ್ಚಯದಿಂದ ನೂರು ಪ್ರಶ್ನೆಗಳೆದ್ದವು: ಅಷ್ಟು ಸೈನಿಕರಿಗೆ ಅನ್ನ ನೀರು ಎಲ್ಲಿಂದ, ಸತ್ತವರ ಹೆಣಗಳನ್ನೇನು ಮಾಡಿದರು, ದೇವತೆಗಳೆಂದರೆ ಹಾಗಾದರೆ ಯಾರು? ಉತ್ತರ ಹುಡುಕುತ್ತ ಹೋದಂತೆ ಹಳೆಯ ಕಥೆ ಹೊಸ ಲೋಕವಾಯಿತು.

ಇಷ್ಟೆಲ್ಲ ಬರೆಯಲು ಕಾರಣವಾದದ್ದು ವಿದ್ಯಾರ್ಥಿನಿಯೊಬ್ಬಳ ಯೋಜನೆ. ಅವಳದು ಮುಳುಗಡೆಯ ಕುಟುಂಬ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟಾದಾಗ (೧೯೬೪) ಅವರ ಮನೆ, ತೋಟ ನೀರೊಳಗಾದವು. ಕಾದಂಬರಿಗೆ ಎಂಥ ವಸ್ತು! ೬೦ ಪುಟಗಳ ಟಿಪ್ಪಣಿ ಕಳಿಸಿದ್ದಾಳೆ; ಊರಿಗೆ ಕಲ್ಪಿತ ಹೆಸರು, ಕಲ್ಪಿತ ದೇವಸ್ಥಾನ, ಕಲ್ಪಿತ ಜಾತ್ರೆ. ಎರಡು ವರ್ಷಗಳಿಂದ ಇದನ್ನೇ ತಿದ್ದುತ್ತಿದ್ದಾಳೆ. ಅವಳ ಅಜ್ಜಿಗೆ ಈಗ ೮೬. ಮುಳುಗಡೆಯ ಕಾಲಕ್ಕೆ ೨೫ರ ಆಸುಪಾಸಿನ ಸೊಸೆ. ಆ ಮನೆಯಲ್ಲಿ ಒಲೆ ಉರಿಸಿದವರಲ್ಲಿ ಈಗ ಉಳಿದಿರುವವರು ಅವರೊಬ್ಬರೇ.

ಆ ನೀರಿನ ಕಥೆಯನ್ನು ನಾ. ಡಿಸೋಜ ಬರೆದಿದ್ದಾರೆ. ಅವರ ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಚಲನಚಿತ್ರವನ್ನಾಗಿಯೂ ಮಾಡಿದರು. ಅಲ್ಲಿ ನೀರು ಏರಿದಂತೆಲ್ಲ ನೆಲ ಕಿರಿದಾಗುತ್ತದೆ; ಉಳಿದುಕೊಂಡವರಿಗೆ ಮಾಡಬಹುದಾದದ್ದೂ ಕಿರಿದಾಗುತ್ತದೆ. ಆ ಹಿನ್ನೀರಿನ ದಡದ ಜನಕ್ಕೆ ಇದು ಸಾಹಿತ್ಯದ ಮಾತಲ್ಲ. ೨೦೨೫ರಲ್ಲಿ ಸಿಗಂದೂರು ಸೇತುವೆ ಆಗುವವರೆಗೂ ಅಲ್ಲಿ ಲಾಂಚು ತಪ್ಪಿದರೆ ಬಹುದೂರ ಬಳಸಿ ಹೋಗಬೇಕಿತ್ತು. ಸಂಜೆಯ ಕೊನೆಯ ಲಾಂಚಿಗೆ ಎಷ್ಟು ಹೆರಿಗೆಗಳು, ಎಷ್ಟು ಜ್ವರಗಳು ಕಾದಿದ್ದಾವೋ.

ಆದ್ದರಿಂದ ಅವಳಿಗೆ ನನ್ನ ಸಲಹೆ ಇಷ್ಟೇ. ಟಿಪ್ಪಣಿಯನ್ನು ಕಟ್ಟಿಟ್ಟು ಅಜ್ಜಿಯ ಬಳಿ ಕುಳಿತುಕೊ ತಾಯಿ. ಊರು ಹೇಗಿತ್ತೆಂದು ಕೇಳಬೇಡ. ಚೆನ್ನಾಗಿತ್ತು ಎನ್ನುತ್ತಾರೆ, ಮಾತು ಮುಗಿಯುತ್ತದೆ. ಗಾಡಿಯಲ್ಲಿ ಏನೇನು ಹಿಡಿಯಲಿಲ್ಲವೆಂದು ಕೇಳು. ಹೆಂಚು, ಬಾಗಿಲುಗಳನ್ನು ಬಿಚ್ಚಿ ತಂದಿರೋ, ನೆಲದಲ್ಲಿ ಹುಗಿದ ಒರಳನ್ನು ಏನು ಮಾಡಿದಿರಿ, ಕೊಟ್ಟಿಗೆಯ ದನಗಳಲ್ಲಿ ಯಾವುದನ್ನು ಮಾರಿದಿರಿ, ಆ ವರ್ಷದ ಅಡಕೆ ಕೊಯ್ಲು ಯಾರಿಗಾಯಿತು, ಹೋಗುವುದಿಲ್ಲವೆಂದು ಕುಳಿತವರು ಯಾರು ಎಂದು ಕೇಳು. ಅಜ್ಜಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲವೆಂದು ನೀನೇ ಬರೆದಿದ್ದೀಯೆ. ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಕಾಫಿಗೆ ಸಾಗರ.