ಗುಜರಿಯ ಪಟ್ಟಿಯಲ್ಲಿದೆ, ರಿಪೇರಿಯ ಪಟ್ಟಿಯಲ್ಲಿಲ್ಲ

ಹೋದ ಮಾವಿನ ಸೀಸನ್ನಿಗೆ ಸ್ವಲ್ಪ ಮೊದಲು, ಹೊಸೂರಿನ ಬಾಗಲೂರು ರಸ್ತೆಯಲ್ಲಿರುವ ನನ್ನ ಅಂಗಡಿಗೆ ಒಬ್ಬ ಹೆಣ್ಣುಮಗಳು ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಮಲ್ಟಿಮೀಟರೊಂದನ್ನು ತಂದರು. ಸಿಪ್ಕಾಟ್ ಕೈಗಾರಿಕಾ ಪ್ರದೇಶದ ಸಣ್ಣ ಶೆಡ್ಡಿನಲ್ಲಿ ಆರು ಜನರನ್ನು ಇಟ್ಟುಕೊಂಡು ತಾಪಮಾನ ಅಳೆಯುವ ಸೆನ್ಸರ್ ಮಾಡುವವರು ಅವರು. ಕೃಷ್ಣಗಿರಿಯ ಕಡೆ ಮಾವಿನ ತಿರುಳು ತೆಗೆಯುವ ಕಾರ್ಖಾನೆಗಳೇ ಅವರ ದೊಡ್ಡ ಗಿರಾಕಿಗಳು. ಮನೆಮಾತು ತೆಲುಗು, ನನ್ನ ಹತ್ತಿರ ಕನ್ನಡ. "ಅಣ್ಣಾ, ಡೀಲರ್ ಹುಡುಗ ಲ್ಯಾಪ್‌ಟಾಪ್ ಹಚ್ಚಿ ಹೊಸ ಪ್ರೋಗ್ರಾಮ್ ಹಾಕ್ತಾ ಇದ್ದ. ನಡುವೆ ಕರೆಂಟ್ ಹೋಯ್ತು. ಅವತ್ತಿಂದ ಇದು ಎದ್ದೇ ಇಲ್ಲ" ಅಂದರು.

ಸ್ವಿಚ್ ಹಾಕಿದೆ. ಡಿಸ್‌ಪ್ಲೇ ಒಂದು ಕ್ಷಣ ಬೆಳಗಿ ಆರಿತು, ಮತ್ತೆ ಬೆಳಗಿತು, ಮತ್ತೆ ಆರಿತು.

ಅವರು ಮೀಟರ್ ಮಾಡಿದ ಕಂಪನಿಗೆ ಬರೆದಿದ್ದರು. ಆ ಮಾಡೆಲ್ ನಿಂತಿದೆ, ಬೋರ್ಡ್ ಇಲ್ಲ, ಹೊಸದು ತೆಗೆದುಕೊಳ್ಳಿ ಎಂಬ ಉತ್ತರ ಬಂದಿತ್ತು. ಹಾಗಾದರೆ ಆ ಪ್ರೋಗ್ರಾಮಿನ ಫೈಲನ್ನಾದರೂ ಕೊಡಿ ಎಂದು ಕೇಳಿದ್ದಕ್ಕೆ, ಅದನ್ನು ಹೊರಗಿನವರಿಗೆ ಕೊಡುವಂತಿಲ್ಲ ಎಂದರಂತೆ. ದುಡ್ಡು ಕೊಟ್ಟು ಮೀಟರ್ ಕೊಂಡವರು ಹೊರಗಿನವರು ಹೇಗಾದರು? ಈ ಲೇಖನ ಬರೆಯಲು ಕಾರಣ ಆ ಒಂದು ಮಾತು.

ನಾನು ದೆಂಕಣಿಕೋಟೆ ಕಡೆಯವನು. ಕನ್ನಡ ಶಾಲೆಯಲ್ಲಿ ಓದಿ, ಐಟಿಐ ಮುಗಿಸಿ, 31 ವರ್ಷ ಇಲ್ಲಿನ ಕಾರ್ಖಾನೆಯೊಂದರ ಇನ್‌ಸ್ಟ್ರುಮೆಂಟ್ ಸೆಕ್ಷನ್ನಿನಲ್ಲಿ ದುಡಿದೆ. ಐಟಿಐಯಲ್ಲಿ ಕಲಿತದ್ದು ಮುಳ್ಳು ಓಲಾಡುವ ಮೀಟರಿನ ಮೇಲೆ. ಆಮೇಲೆ ಕೈಗೆ ಬಂದದ್ದು ಹ್ಯೂಲೆಟ್ ಪ್ಯಾಕರ್ಡ್‌ನ 3478ಎ. ಅದರ ಸರ್ವಿಸ್ ಪುಸ್ತಕದಲ್ಲಿ ಇಡೀ ಸರ್ಕ್ಯೂಟ್ ಅಚ್ಚಾಗಿರುತ್ತಿತ್ತು. ಆ ಮೀಟರಿನ ಕ್ಯಾಲಿಬ್ರೇಷನ್ ಲೆಕ್ಕಗಳು ಒಂದು 3 ವೋಲ್ಟಿನ ಲಿಥಿಯಂ ಸೆಲ್ಲಿನ ಆಸರೆಯಲ್ಲಿ ಉಳಿದಿರುತ್ತಿದ್ದವು. ಸೆಲ್ ಸತ್ತರೆ ಲೆಕ್ಕವೂ ಹೋಗುತ್ತದೆ, ಆದ್ದರಿಂದ ಹಳೆಯದನ್ನು ಬಿಚ್ಚುವ ಮೊದಲು ಪಕ್ಕದಲ್ಲಿ ಇನ್ನೊಂದು ಸೆಲ್ ಕಟ್ಟಬೇಕು ಎಂದು ನನ್ನ ಮೇಸ್ತ್ರಿ ಕೈ ಹಿಡಿದು ಕಲಿಸಿದರು. ಸಾಧನದ ಪ್ರಾಣ ಎಲ್ಲಿದೆ ಎಂದು ಆಗ ಕೆಲಸಗಾರನಿಗೆ ಗೊತ್ತಿರುತ್ತಿತ್ತು.

ಈ ಮೀಟರನ್ನು ಬಿಚ್ಚಿದೆ. 5 ವೋಲ್ಟ್ ಸರಿ, 3.3 ವೋಲ್ಟ್ ಸರಿ, ಕ್ಲಾಕ್ ಓಡುತ್ತಿದೆ. ರಿಸೆಟ್ ಕಾಲಿಗೆ ಸ್ಕೋಪ್ ಹಚ್ಚಿದಾಗ ರೋಗ ಕಂಡಿತು: ಅದು ಮತ್ತೆ ಮತ್ತೆ ಬಿದ್ದು ಏಳುತ್ತಿತ್ತು. ಪ್ರೊಸೆಸರ್ ಹೊರಡುತ್ತದೆ, ದಾರಿ ತಪ್ಪುತ್ತದೆ, ಕಾವಲಿಗಿರುವ ವಾಚ್‌ಡಾಗ್ ಅದನ್ನು ಮತ್ತೆ ಮೊದಲಿಗೆ ಎಳೆದು ತರುತ್ತದೆ. ಬಿಸಿಗಾಳಿಯಲ್ಲಿ 48 ಕಾಲಿನ ಫ್ಲ್ಯಾಶ್ ಚಿಪ್ಪನ್ನು ಎತ್ತಿ ಪ್ರೋಗ್ರಾಮರಿನಲ್ಲಿಟ್ಟು ಓದಿದೆ. ಅರ್ಧದವರೆಗೆ ಅಕ್ಷರಗಳು, ಅಲ್ಲಿಂದಾಚೆಗೆ ಬರೀ ಎಫ್‌ಎಫ್, ಎಫ್‌ಎಫ್, ಎಫ್‌ಎಫ್. ಫ್ಲ್ಯಾಶಿನಲ್ಲಿ ಹೊಸದು ಬರೆಯಬೇಕಾದರೆ ಹಳೆಯದನ್ನು ಬ್ಲಾಕ್ ಬ್ಲಾಕಾಗಿ ಅಳಿಸಬೇಕು. ಅಳಿಸಿದ ಜಾಗ ಓದಿದರೆ ಎಫ್‌ಎಫ್ ಎಂದೇ ಬರುತ್ತದೆ. ಅಳಿಸಿದ್ದು ಮುಗಿದು, ಬರೆಯುವುದು ನಡುವಿನಲ್ಲಿದ್ದಾಗ ಕರೆಂಟ್ ಹೋಗಿದೆ. ಮೀಟರಿನ ಒಂದು ರೆಸಿಸ್ಟರೂ ಸುಟ್ಟಿರಲಿಲ್ಲ. ಸರಕೆಲ್ಲ ಗಟ್ಟಿಯಾಗಿಯೇ ಇತ್ತು, ಮಾತು ಮಾತ್ರ ನಿಂತಿತ್ತು.

"ಅಲ್ಲಮ್ಮ, 500 ರೂಪಾಯಿಯ ಕೈ ಮೀಟರಿನಲ್ಲಿ ಸದ್ಯಕ್ಕೆ ನಡೆಯೋದಿಲ್ವಾ?" ಎಂದು ಕೇಳಿದೆ, ಅವರ ಕೆಲಸ ಎಷ್ಟು ಸೂಕ್ಷ್ಮ ಎಂದು ತಿಳಿಯಲು. ನಡೆಯುವುದಿಲ್ಲ. ಅವರು ಮಾಡುವ ಪಿಟಿ-100 ಸೆನ್ಸರ್ 0 ಡಿಗ್ರಿಯಲ್ಲಿ 100 ಓಮ್ ತೋರಿಸಬೇಕು, 100 ಡಿಗ್ರಿಯಲ್ಲಿ 138.51. ಒಂದು ಡಿಗ್ರಿಗೆ ಸುಮಾರು 0.385 ಓಮ್. ಎ ದರ್ಜೆಯ ಸೆನ್ಸರಿಗೆ 0 ಡಿಗ್ರಿಯಲ್ಲಿ ಬಿಡುವ ತಪ್ಪು 0.15 ಡಿಗ್ರಿ, ಅಂದರೆ 0.06 ಓಮಿನಷ್ಟು. ಕೈ ಮೀಟರಿನ ಕೊನೆಯ ಅಂಕಿಯೇ 0.1 ಓಮ್, ಅದರ ವೈರುಗಳ ರೆಸಿಸ್ಟೆನ್ಸೇ ಅದಕ್ಕಿಂತ ಹೆಚ್ಚು. ನಾಲ್ಕು ತಂತಿಯಲ್ಲಿ ಅಳೆಯುವ ಈ ಆರೂವರೆ ಅಂಕಿಯ ಮೀಟರ್ ಇಲ್ಲದೆ ಆಕೆ ಒಂದು ಸೆನ್ಸರಿಗೂ ಸಹಿ ಹಾಕುವಂತಿಲ್ಲ. ತಿರುಳಿನ ಡಬ್ಬಿ ಎಷ್ಟು ಕಾದಿದೆ ಎಂದು ಹೇಳುವುದು ಆ ಸೆನ್ಸರ್. ಅದು ತಪ್ಪಿದರೆ ತಿನ್ನುವವರ ಹೊಟ್ಟೆಯ ಪ್ರಶ್ನೆ.

ಅದೇ ಮಾಡೆಲ್ ಕೃಷ್ಣಗಿರಿ ಕಡೆಯ ಕಾಲೇಜೊಂದರ ಲ್ಯಾಬಿನಲ್ಲಿದೆ ಎಂದು ಹಳೆಯ ಸ್ನೇಹಿತರೊಬ್ಬರು ಹೇಳಿದರು. ಹೋಗಿ ಕೇಳಿದೆ. ವಿಭಾಗದ ಮುಖ್ಯಸ್ಥರು ಬೋರ್ಡಿನ ಮೇಲಿನ ರಿವಿಷನ್ ನಂಬರನ್ನು ನನ್ನೊಂದಿಗೇ ಕೂತು ಹೋಲಿಸಿ ನೋಡಿ, ಕಾಗದದಲ್ಲಿ ಒಪ್ಪಿಗೆ ಬರೆದುಕೊಟ್ಟರು. ಅವರ ಚಿಪ್ಪನ್ನು ಮೂರು ಸಲ ಓದಿ, ಮೂರೂ ಒಂದೇ ಎಂದು ಖಾತ್ರಿಯಾದ ಮೇಲೆ ವಾಪಸು ಬೆಸುಗೆ ಹಾಕಿ, ಅವರ ಮೀಟರ್ ನಡೆಯುವುದನ್ನು ತೋರಿಸಿಯೇ ಹೊರಟೆ.

ಇಲ್ಲೊಂದು ಎಚ್ಚರಿಕೆ ಬೇಕು. ಒಂದೇ ಮಾಡೆಲಿನ ಎಲ್ಲ ಮೀಟರಿಗೂ ಪ್ರೋಗ್ರಾಮ್ ಒಂದೇ, ಆದರೆ ಕ್ಯಾಲಿಬ್ರೇಷನ್ ಒಂದೊಂದು ಮೀಟರಿಗೂ ಅದರದೇ. ಈ ಮೀಟರಿನ ರೆಸಿಸ್ಟರ್ ಎಷ್ಟು ಕೂದಲೆಳೆ ಜಾಸ್ತಿ, ಇದರ ರೆಫರೆನ್ಸ್ ವೋಲ್ಟೇಜ್ ಎಷ್ಟು ಕಡಿಮೆ ಎಂಬ ಲೆಕ್ಕ ಪಕ್ಕದ ಎಂಟು ಕಾಲಿನ ಪುಟ್ಟ ಚಿಪ್ಪಿನಲ್ಲಿರುತ್ತದೆ. ಅದನ್ನು ಕಾಲೇಜಿನ ಮೀಟರಿನಿಂದ ನಕಲು ಮಾಡಿದ್ದರೆ ಇದು ಎದ್ದು ಕೂತು, ನೆಟ್ಟಗೆ ಮುಖ ನೋಡಿ ಸುಳ್ಳು ಹೇಳುತ್ತಿತ್ತು. ಕೆಟ್ಟ ಮೀಟರಿಗಿಂತ ಸುಳ್ಳು ಹೇಳುವ ಮೀಟರ್ ಅಪಾಯ. ಅದನ್ನು ಮುಟ್ಟದೆ, ದೊಡ್ಡ ಚಿಪ್ಪಿಗೆ ಮಾತ್ರ ಬರೆದೆ. ಸ್ವಿಚ್ ಹಾಕಿದಾಗ ಸೆಲ್ಫ್ ಟೆಸ್ಟ್ ದಾಟಿ ಸೊನ್ನೆಗಳ ಸಾಲು ಬಂತು. ಆಕೆ ಕುರ್ಚಿಯಲ್ಲಿ ಕೂತೇ ಕಣ್ಣೊರೆಸಿಕೊಂಡರು. ಆಮೇಲೆ ಬೆಂಗಳೂರಿನ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬಿಗೆ ಕಳಿಸಿ ಸರ್ಟಿಫಿಕೇಟ್ ಮಾಡಿಸಿದ್ದಾಯಿತು.

ಹೊರಗಿನವರು ಕೈ ಹಾಕಿದರೆ ನಿಖರತೆ ಹೋಗುತ್ತದೆ ಎಂದು ಕಂಪನಿಗಳು ಹೇಳುತ್ತವೆ. ಮೀಟರನ್ನು ಯಾರು ಬಿಚ್ಚಿದರು ಎಂಬುದರಿಂದ ನಿಖರತೆ ತೀರ್ಮಾನವಾಗುವುದಿಲ್ಲ. ಅದನ್ನು ತೀರ್ಮಾನಿಸುವುದು ಲ್ಯಾಬಿನ ಹೋಲಿಕೆ, ಆ ಲ್ಯಾಬಿನ ಹಿಂದೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರೆಗೆ ಹೋಗುವ ಸರಪಳಿ. ಫೈಲ್ ಹೊರಬಿದ್ದರೆ ನಕಲಿ ಮೀಟರ್ ಹುಟ್ಟುತ್ತದೆ ಎಂಬ ಭಯವೂ ನನಗೆ ಒಪ್ಪಿಗೆಯಿಲ್ಲ. ಆರೂವರೆ ಅಂಕಿಯ ಮೀಟರಿನಲ್ಲಿ ಕಷ್ಟವಿರುವುದು ಬಿಸಿಲಿಗೂ ಚಳಿಗೂ ಅಲುಗದ ರೆಫರೆನ್ಸಿನಲ್ಲಿ, ರೆಸಿಸ್ಟರುಗಳಲ್ಲಿ. ಅವು ಫೈಲಿನಲ್ಲಿ ಬರುವುದಿಲ್ಲ.

ಕಾನೂನು ಏನು ಹೇಳುತ್ತದೆ? 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಪ್ರೋಗ್ರಾಮನ್ನು ನ್ಯಾಯವಾಗಿ ಇಟ್ಟುಕೊಂಡವರು ಅದು ನಷ್ಟವಾದರೆ ಇರಲಿ ಎಂದು ಒಂದು ಪ್ರತಿ ಮಾಡಿಕೊಳ್ಳಲು ಬಿಡುತ್ತದೆ. ಆದರೆ ಚಿಪ್ ಬಿಚ್ಚದೆ ಪ್ರತಿ ಮಾಡುವ ದಾರಿಯನ್ನೇ ಕಂಪನಿ ಇಟ್ಟಿರುವುದಿಲ್ಲ. ನಷ್ಟವಾದ ಮೇಲೆ ಇನ್ನೊಬ್ಬರ ಪ್ರತಿ ತರುವ ಬಗ್ಗೆ ಕಾಯ್ದೆ ಬಾಯಿ ಬಿಟ್ಟು ಹೇಳುವುದಿಲ್ಲ. ಆಕೆ ಆ ಪ್ರೋಗ್ರಾಮಿಗೂ ಸೇರಿಸಿಯೇ ದುಡ್ಡು ಕೊಟ್ಟಿದ್ದರು ಎಂಬ ಧೈರ್ಯದಿಂದ ನಾನು ಮಾಡಿದೆ.

2022ರ ಜುಲೈನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿಗಾಗಿ ಸಮಿತಿ ಮಾಡಿತು. ಆ ವರ್ಷದ ಡಿಸೆಂಬರ್ 24ರಂದು ಪೋರ್ಟಲ್ ಬಂತು. ಆರಿಸಿಕೊಂಡದ್ದು ನಾಲ್ಕು ವಲಯ: ಕೃಷಿ ಯಂತ್ರ, ಮೊಬೈಲ್ ಮತ್ತು ಟ್ಯಾಬ್ಲೆಟ್, ಮನೆಬಳಕೆಯ ಸಾಮಾನು, ವಾಹನ. ಒಳ್ಳೆಯ ಕೆಲಸ, ನಾನು ಮನಸಾರೆ ಹೊಗಳುತ್ತೇನೆ. ಅಳತೆಯ ಉಪಕರಣಗಳ ಹೆಸರು ಮಾತ್ರ ಅದರಲ್ಲಿಲ್ಲ. ಅದೇ ಹೊತ್ತಿಗೆ ಬಂದು 2023ರ ಏಪ್ರಿಲ್ 1ರಿಂದ ಜಾರಿಯಾದ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಯೋಗಾಲಯದ ಉಪಕರಣಗಳಿವೆ. ಗುಜರಿಗೆ ಹೇಗೆ ಹಾಕಬೇಕೆಂದು ಸರ್ಕಾರ ಯೋಚಿಸಿದೆ. ಅದಕ್ಕೆ ಮೊದಲು ಎಬ್ಬಿಸಿ ಕೂರಿಸುವುದು ಹೇಗೆಂದು ಯೋಚಿಸಿಲ್ಲ.

ನಮ್ಮ ಕೃಷ್ಣಗಿರಿ ಜಿಲ್ಲೆಗೆ ಇದು ಸಣ್ಣ ವಿಷಯವಲ್ಲ. 1980ರಲ್ಲಿ ಟಿವಿಎಸ್ 50 ಹೊಸೂರಿನಿಂದ ಹೊರಟಾಗ ಅದನ್ನು ರಸ್ತೆಬದಿಯಲ್ಲಿ ಒಂದು ಸ್ಪ್ಯಾನರಿನಲ್ಲಿ ಬಿಚ್ಚಬಹುದಿತ್ತು. ಇವತ್ತು ಪೋಚಂಪಳ್ಳಿಯಲ್ಲಿ ಓಲಾದ ವಿದ್ಯುತ್ ಸ್ಕೂಟರ್ ತಯಾರಾಗುತ್ತದೆ, ಕೆಲಮಂಗಲದ ಹತ್ತಿರ ಟಾಟಾದವರು ಐಫೋನಿನ ಭಾಗ ಮಾಡುತ್ತಾರೆ. ಎಲ್ಲದರ ಒಳಗೂ ಇಂಥದ್ದೇ ಪ್ರೋಗ್ರಾಮ್, ಅಂದರೆ ಫರ್ಮ್‌ವೇರ್ ಇದೆ. ಆ ದೊಡ್ಡ ಕಾರ್ಖಾನೆಗಳ ಸುತ್ತ ಬದುಕುವ ಸಣ್ಣ ಶೆಡ್ಡುಗಳ ಬೆಂಚಿನ ಮೇಲಿರುವುದು ಸೆಕೆಂಡ್ ಹ್ಯಾಂಡ್ ಮೀಟರುಗಳು.

ನಾನು ಕೇಳುವುದು ಇಷ್ಟೆ. ಅಳತೆಯ ಉಪಕರಣಗಳನ್ನು ರಿಪೇರಿಯ ಹಕ್ಕಿನ ಪಟ್ಟಿಗೆ ಸೇರಿಸಿ. ಒಂದು ಮಾಡೆಲಿಗೆ ಸರ್ವಿಸ್ ನಿಲ್ಲಿಸುವ ದಿನ, ಅದರ ಫರ್ಮ್‌ವೇರ್ ಫೈಲನ್ನೂ ಕ್ಯಾಲಿಬ್ರೇಷನ್ ಮಾಡುವ ವಿಧಾನವನ್ನೂ ಎಲ್ಲರಿಗೂ ಸಿಗುವ ಹಾಗೆ ಇಡಬೇಕೆಂದು ಕಂಪನಿಗೆ ಹೇಳಿ. ಕಾನೂನು ಬರುವವರೆಗೆ ಕಾಯಬೇಕಿಲ್ಲ: ಸರ್ಕಾರಿ ಐಟಿಐ, ಪಾಲಿಟೆಕ್ನಿಕ್‌ಗಳು ಟೆಂಡರಿನಲ್ಲಿ ಇದೊಂದು ಸಾಲು ಬರೆದರೆ, ಮಾರುವವರು ಫೈಲನ್ನು ಮೀಟರಿನ ಜೊತೆಗೇ ಕೊಡುತ್ತಾರೆ.

ಮೊನ್ನೆ ಆ ಕಾಲೇಜಿನವರು ಇನ್ನೆರಡು ಮೀಟರುಗಳನ್ನು ವ್ಯಾನಿನಲ್ಲಿ ಕಳಿಸಿದ್ದಾರೆ. ಎರಡೂ ಚೆನ್ನಾಗಿಯೇ ನಡೆಯುತ್ತಿವೆ. ಕೆಡುವ ಮೊದಲು ಚಿಪ್ ಓದಿ ಇಟ್ಟುಬಿಡಿ, ದೊಡ್ಡದನ್ನೂ ಚಿಕ್ಕದನ್ನೂ, ಎಂದು ಚೀಟಿ ಅಂಟಿಸಿದ್ದಾರೆ. ಭಾನುವಾರ ಅಂಗಡಿ ಬಾಗಿಲು ಅರ್ಧ ಎಳೆದುಕೊಂಡು ಅದೇ ಕೆಲಸಕ್ಕೆ ಕೂರುತ್ತೇನೆ.