ನೂರು ಗ್ರಾಂ ಯಾರ ತೂಕ?

ಅಭ್ಯಾಸ ಬೋಧನೆಯಲ್ಲಿ ಕೀಟಗಳ ಪಾಠ ವೀಕ್ಷಿಸಲು ಹೋದರೆ, ಪ್ರೇರಣೆಯ ಹಂತದಲ್ಲಿ ಆಫ್ರಿಕಾದ ಗೋಲಿಯತ್ ದುಂಬಿ ಆಗಾಗ ಕಣ್ಣಿಗೆ ಬೀಳುತ್ತದೆ. ಪರದೆಯ ತುಂಬ ಕಪ್ಪು-ಬಿಳಿ ಪಟ್ಟೆಯ ದೊಡ್ಡ ಚಿತ್ರ. ‘ಈ ದುಂಬಿಯ ತೂಕ 100 ಗ್ರಾಂ’ ಎಂಬ ಒಂದು ವಾಕ್ಯ. ಮಕ್ಕಳು ‘ಅಬ್ಬಾ’ ಎನ್ನುವಷ್ಟರಲ್ಲಿ ಸ್ಲೈಡ್ ಬದಲಾಗಿ ಮಿಡತೆಯ ದೇಹಭಾಗಗಳು ಬಂದಿರುತ್ತವೆ. ವೀಕ್ಷಣಾ ನಮೂನೆಯಲ್ಲಿ ನಾವು ಮೇಲ್ವಿಚಾರಕರು ಪ್ರೇರಣೆಗೆ ಪೂರ್ಣ ಅಂಕ ಹಾಕುತ್ತೇವೆ. ಹಾಕಬಾರದು ಎಂಬುದು ನನ್ನ ವಾದ.

ಆ ವಾಕ್ಯವೇ ಸರಿಯಿಲ್ಲ. 100 ಗ್ರಾಂವರೆಗೆ ತೂಗುವುದು ದುಂಬಿಯಲ್ಲ, ಅದರ ಲಾರ್ವಾ. ರೆಕ್ಕೆ ಬಂದ ದುಂಬಿ ಸುಮಾರು ಅದರ ಅರ್ಧದಷ್ಟು ತೂಗುತ್ತದೆ. ಗಂಡು 11 ಸೆಂಟಿಮೀಟರ್‌ವರೆಗೆ ಉದ್ದವಿರಬಹುದು, ಹೆಣ್ಣು ಅದಕ್ಕಿಂತ ಚಿಕ್ಕದು. ಲಾರ್ವಾದ ತೂಕವನ್ನು ದುಂಬಿಗೆ ಅಂಟಿಸಿದಾಗ ತಪ್ಪುವುದು ಅಂಕಿಯೊಂದೇ ಅಲ್ಲ, ಪಾಠದ ತಿರುಳೇ ಕೈತಪ್ಪುತ್ತದೆ. ಚಿಕ್ಕ ದುಂಬಿ ಬೆಳೆದು ದೊಡ್ಡ ದುಂಬಿಯಾಗುತ್ತದೆ ಎಂದು ನಂಬಿರುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಕರು ಹಸುವಾಗುವುದನ್ನು ನೋಡಿದವರು ಹಾಗೆ ಭಾವಿಸುವುದು ಸಹಜವೇ. ಆದರೆ ದುಂಬಿಯಾದ ಮೇಲೆ ಬೆಳವಣಿಗೆ ಇಲ್ಲ. ತಿಂದು ಬೆಳೆಯುವ ಕೆಲಸವೆಲ್ಲ ಲಾರ್ವಾ ಹಂತದ್ದು.

ಹೀಗಾಗಿ ನಾನು ಪ್ರಶಿಕ್ಷಣಾರ್ಥಿಗಳಿಗೆ ಹೇಳುವುದಿಷ್ಟು: ಚಿತ್ರಕ್ಕಿಂತ ಮೊದಲು ಅಂಗಡಿಯಿಂದ 100 ಗ್ರಾಂನ ಒಂದು ಸಾಬೂನು ತನ್ನಿ. ಕೈಯಿಂದ ಕೈಗೆ ಹೋಗಲಿ. ‘ಒಂದು ಹುಳು ಇಷ್ಟು ಭಾರ ಇರಬಹುದು. ಅದೇ ದುಂಬಿಯಾದಾಗ ಅರ್ಧಕ್ಕೆ ಇಳಿಯುತ್ತದೆ. ಉಳಿದರ್ಧ ಎಲ್ಲಿಗೆ ಹೋಯಿತು?’ ಎಂದು ಕೇಳಿ ಸುಮ್ಮನಿರಿ. ಉತ್ತರಕ್ಕೆ ಅವಸರ ಬೇಡ. ಲಾರ್ವಾ ಮಣ್ಣಿನಲ್ಲಿ ಗೂಡು ಕಟ್ಟಿಕೊಂಡು ಪ್ಯೂಪಾ ಆಗುತ್ತದೆ. ಆ ಹಂತದಲ್ಲಿ ಊಟವಿಲ್ಲ. ಕೂಡಿಟ್ಟ ಕೊಬ್ಬು, ಪ್ರೋಟೀನುಗಳೇ ಕಾಲು, ರೆಕ್ಕೆ, ಕೊಂಬುಗಳನ್ನು ಕಟ್ಟಬೇಕು, ಕಟ್ಟುವ ಕೆಲಸಕ್ಕೆ ಶಕ್ತಿಯನ್ನೂ ಕೊಡಬೇಕು. ರೂಪಪರಿವರ್ತನೆ ಎಂಬ ಪದವನ್ನು ಕಪ್ಪುಹಲಗೆಯ ಮೇಲೆ ಬರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುವುದಿಲ್ಲ.

ಈ ಲಾರ್ವಾಕ್ಕೆ ಪ್ರೋಟೀನ್ ಹೆಚ್ಚಾಗಿಯೇ ಬೇಕು. ಸಾಕುವವರು ಬೆಕ್ಕು-ನಾಯಿಗಳಿಗೆ ಹಾಕುವ ಒಣ ಆಹಾರವನ್ನೇ ಇದಕ್ಕೂ ಹಾಕುತ್ತಾರೆ! (ಇದನ್ನು ಹೇಳಿದರೆ ಹಿಂದಿನ ಬೆಂಚೂ ಎದ್ದು ಕೂರುತ್ತದೆ.) ಅದೇ ಜೀವಿ ದುಂಬಿಯಾದ ಮೇಲೆ ಮರದ ರಸ, ಹಣ್ಣುಗಳಿಗೆ ಇಳಿಯುತ್ತದೆ. ಗಂಡಿನ ತಲೆಯ ಮೇಲೆ ಕವಲೊಡೆದ ಕೊಂಬು, ಅದು ಇತರ ಗಂಡುಗಳೊಡನೆ ಕಾದಾಡಲು. ಹೆಣ್ಣಿನ ತಲೆ ಬೆಣೆಯಂತೆ, ಮೊಟ್ಟೆಯಿಡಲು ಮಣ್ಣು ಅಗೆಯಲು ಅನುಕೂಲ. ಹಾರಾಟವಂತೂ ಒಂದು ಇಡೀ ಅವಧಿಗೆ ಸಾಕು. ದುಂಬಿಗಳು ಗಟ್ಟಿಯಾದ ಮುಂದಿನ ರೆಕ್ಕೆಗಳನ್ನು ತೆರೆದು ಹಾರುತ್ತವೆ ಎಂದು ಹೇಳಿಕೊಡುತ್ತೇವಲ್ಲ, ಇದು ಅವನ್ನು ಮುಚ್ಚಿಕೊಂಡೇ, ಹಿಂದಿನ ರೆಕ್ಕೆಗಳನ್ನು ಪಕ್ಕದಿಂದ ಹೊರಚಾಚಿ ಹಾರುತ್ತದೆ.

‘ಪ್ರೇರಣೆಗೆ ಐದೇ ನಿಮಿಷ, ಬೆರಗು ಹುಟ್ಟಿದರೆ ಸಾಕು’ ಎನ್ನುವ ಸಹೋದ್ಯೋಗಿಗಳಿದ್ದಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ, ನಲವತ್ತು ನಿಮಿಷದ ಅವಧಿಯ ಕಷ್ಟ ನನಗೂ ಗೊತ್ತು. ಆದರೆ ಪ್ರಶ್ನೆಯಾಗದ ಬೆರಗು ಸ್ಲೈಡಿನ ಜೊತೆಗೇ ಹೋಗಿಬಿಡುತ್ತದೆ. ಬಿಟ್ಟರೆ ಮಿಡತೆಗೆ ಹೋಗುವುದೂ ಎಡವಟ್ಟು: ಮಿಡತೆಯ ಮರಿ ಮಿಡತೆಯಂತೆಯೇ ಇರುತ್ತದೆ, ಅಲ್ಲಿ ಪ್ಯೂಪಾ ಹಂತವೇ ಇಲ್ಲ.

ಗೋಲಿಯತ್ತಿನಿಂದ ಹೋಗಬೇಕಾದದ್ದು ಶಾಲೆಯ ಪಕ್ಕದ ತಿಪ್ಪೆಗೆ. ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿ ಅದೇ ಕುಟುಂಬದ್ದು. ಅದರ ಬಿಳಿಯ, ಬಿಲ್ಲಿನಂತೆ ಬಾಗಿದ ಹುಳು ಗೊಬ್ಬರದ ಗುಂಡಿಯಲ್ಲಿ ಸಿಗುತ್ತದೆ. ಹಳ್ಳಿಯ ಮಕ್ಕಳು ಅದನ್ನು ನಮಗಿಂತ ಚೆನ್ನಾಗಿ ಬಲ್ಲರು. ಹುಳು ಒಂದು, ದುಂಬಿ ಇನ್ನೊಂದು ಎಂದು ಅವರಲ್ಲಿ ಎಷ್ಟೋ ಮಂದಿ ತಿಳಿದಿರುತ್ತಾರೆ. ಮುಂದಿನ ಸುತ್ತಿನ ಪಾಠಯೋಜನೆಯಲ್ಲಿ ಸಾಬೂನು, ಒಂದು ತಕ್ಕಡಿ, ಗೊಬ್ಬರದ ಸಮೇತ ಡಬ್ಬಿಯಲ್ಲಿಟ್ಟ ಎರಡು ಹುಳು, ಇಷ್ಟು ಬೋಧನೋಪಕರಣ ಕಂಡರೆ ಪ್ರೇರಣೆಯ ಅಂಕವನ್ನು ನಾನು ಚೌಕಾಸಿ ಮಾಡದೆ ಕೊಡುತ್ತೇನೆ.